ಡಾಕ್ಟ್ರಮ್ಮನ ಮನೆಯ ಸೊಳ್ಳೆಗಳು

ಆ ಮನೆಯಲ್ಲಿ ಸೊಳ್ಳೆಯ ವಿಷಯಕ್ಕೆ ಮೊದಲ ಜಗಳ ಹತ್ತಿದ್ದು ನಿಂಬೆಹಣ್ಣಿನಿಂದ. ಸೊಸೆ ಸಂಜೆ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು, ಒಳಗಿನಿಂದ ಮಗಳ ಚೀರಾಟ ಕೇಳಿತು. ಓಡಿ ಹೋಗಿ ನೋಡಿದರೆ ಬಚ್ಚಲುಮನೆಯ ಸ್ಟೂಲಿನ ಮೇಲೆ ಮೂರೂವರೆ ವರ್ಷದ ಚಿನಕುರುಳಿ ಕೂತು ಕಾಲು ಝಾಡಿಸುತ್ತಿತ್ತು. ಎದುರಿಗೆ ಅದರ ಅಜ್ಜಿ, ಅರ್ಧ ಹೋಳು ನಿಂಬೆಹಣ್ಣನ್ನು ಉಪ್ಪಿನಲ್ಲಿ ಅದ್ದಿ, ಸೊಳ್ಳೆ ಕಚ್ಚಿದ ಗುಳ್ಳೆಗಳ ಮೇಲೆ ತಿಕ್ಕುತ್ತಿದ್ದರು.

"ಅತ್ತೆ! ಏನ್ ಮಾಡ್ತಿದ್ದೀರಿ?"

"ಮದ್ದು. ಒಂದು ಗಳಿಗೆ ಉರಿಯುತ್ತೆ, ಆಮೇಲೆ ತುರಿಕೆ ಮಾಯ."

"ಕೆರೆದು ಚರ್ಮ ಕಿತ್ತಿದೆ. ಅದರ ಮೇಲೆ ಉಪ್ಪು ಹಾಕ್ತಾರಾ ಯಾರಾದ್ರೂ?"

"ನಿನ್ನ ಗಂಡನಿಗೂ ಹೀಗೇ ಹಚ್ಚಿ ಬೆಳೆಸಿದ್ದು. ಏನಾಗಿದೆ ಅವನಿಗೆ? ಗುಂಡುಕಲ್ಲಿನ ಹಾಗಿದ್ದಾನೆ."

ಸೊಸೆ ಮಗುವನ್ನು ಎತ್ತಿಕೊಂಡು ಹೋಗಿ, ಕಾಲನ್ನು ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದಳು. ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು ಗುಳ್ಳೆಗಳ ಮೇಲೆ ಹತ್ತು ನಿಮಿಷ ಇಟ್ಟಳು. ಆಮೇಲೆ ಗುಲಾಬಿ ಬಣ್ಣದ ಲೋಶನ್ ಹಚ್ಚಿ, ಇಪ್ಪತ್ತು ಉಗುರನ್ನೂ ಬುಡದವರೆಗೆ ಕತ್ತರಿಸಿದಳು. ಚಿನಕುರುಳಿ ತನ್ನ ಗುಲಾಬಿ ಚುಕ್ಕೆಗಳನ್ನು ನೋಡಿಕೊಂಡು ಅಳು ಮರೆತು ನಕ್ಕಿತು. ಅದು ನಕ್ಕದ್ದರಿಂದ ಅಜ್ಜಿಗೆ ಇನ್ನಷ್ಟು ಅವಮಾನವಾಯಿತು.

ಬೀದಿಯವರೆಲ್ಲ ಆಕೆಯನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದರು. ಓದಿದ್ದು ಐದನೇ ಕ್ಲಾಸು. ಆದರೆ ಕೆಮ್ಮು, ಉಳುಕು, ಹಲ್ಲುನೋವು, ಮಾತು ಬಿಟ್ಟ ಗಂಡ, ಹೀಗೆ ಯಾವುದಕ್ಕೆ ಕೇಳಿದರೂ ಆಕೆಯ ಬಳಿ ಒಂದು ಮದ್ದು ಇದ್ದೇ ಇತ್ತು. ಕೆಲವು ಮದ್ದು ಹತ್ತುತ್ತಿದ್ದವು, ಕೆಲವು ಕಾಯಿಲೆ ತಾವಾಗಿಯೇ ಹೋಗುತ್ತಿದ್ದವು. ಎರಡರ ಹೆಸರೂ ಡಾಕ್ಟ್ರಮ್ಮನಿಗೇ ಬರುತ್ತಿತ್ತು. ದೇವರು ಕೊಡುವ ಸೊಸೆಯನ್ನಾದರೂ ನೋಡಿ ಕೊಡಬಾರದೆ? ಬಂದವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಯಾವ ಮದ್ದಿನ ಹೆಸರು ಎತ್ತಿದರೂ "ಯಾಕೆ, ಏನಾಗುತ್ತೆ ಅದರಿಂದ?" ಎಂದು ಕೇಳುವ ಜಾತಿ.

"ಸೊಳ್ಳೆ ವಿಷಯ ನೀನೇ ಹೇಳ್ಬೇಕಮ್ಮ, ನಿಮ್ಮಿಬ್ಬರದೂ ಒಂದೇ ಕೆಲಸ" ಎಂದು ಡಾಕ್ಟ್ರಮ್ಮ ಅಡುಗೆಮನೆಯಿಂದಲೇ ಕುಟುಕಿದರು.

ಸೊಸೆ ನಗಲಿಲ್ಲ. "ಈ ವಾರ ನಮ್ಮಲ್ಲಿ ಏಳು ಜನಕ್ಕೆ ಡೆಂಗಿ ಬಂದಿದೆ ಅತ್ತೆ. ಅದರಲ್ಲಿ ಇಬ್ಬರು ಇವಳಷ್ಟೇ ಇದ್ದಾರೆ. ಸೂಜಿ ಚುಚ್ಚೋಕೆ ನರ ಸಿಗಲ್ಲ ಅಷ್ಟಷ್ಟು ಸಣ್ಣ ಕೈ. ನಂಗೆ ಭಯ ಆಗುತ್ತೆ."

ಡಾಕ್ಟ್ರಮ್ಮ ಚಾಕು ಕೈಗೆತ್ತಿಕೊಂಡರು. ಆಲೂಗಡ್ಡೆ ಹೆಚ್ಚುತ್ತ ನಿಂತರು.

ರಾತ್ರಿ ಊಟಕ್ಕೆ ಕೂತಾಗ ಮಾತು ಮಗನ ಕಡೆ ತಿರುಗಿತು. ಮಗನದು ಕಿಟಕಿಯ ಕೆಲಸ. ಅಲ್ಯೂಮಿನಿಯಂ ಚೌಕಟ್ಟು, ಗಾಜು, ಸೊಳ್ಳೆ ಜಾಲರಿ. ಬೆಳಗಾದರೆ ಯಾರದೋ ಮನೆಯ ಕಿಟಕಿಗೆ ಜೋತುಬಿದ್ದಿರುತ್ತಿದ್ದ.

"ಊರವರ ಕಿಟಕಿಗೆಲ್ಲ ಜಾಲರಿ ಹಾಕ್ತೀರಿ, ನಮ್ಮ ಕಿಟಕಿಗೆ ಮಾತ್ರ ಹಳೇ ಸೀರೆ" ಎಂದಳು ಸೊಸೆ.

"ಹಾಕೋಣ ಅಂತಲೇ ಇದ್ದೆ."

"ಅಂತಲೇ ಇದ್ದು ಎರಡು ವರ್ಷ ಆಯ್ತು."

"ಈಗ ಹಿಡಿದಿರೋ ಮನೆ ಕೆಲಸ ಮುಗೀಲಿ, ಮಿಕ್ಕಿದ ಜಾಲರಿ ತರ್ತೀನಿ."

"ಮಿಕ್ಕಿದ್ದು ಬೇಡ. ದುಡ್ಡು ಕೊಟ್ಟು ನಿಮ್ಮ ಗಿರಾಕಿಗಳ ಥರ ಹಾಕ್ಸಿಕೊಳ್ತೀನಿ. ನಾಳೆ ಬರ್ತೀರಾ, ಬೇರೆಯವರನ್ನ ಕರೀಲಾ?"

ಊಟದ ತಟ್ಟೆಯ ಮುಂದೆ ಮಾವ ಒಬ್ಬರೇ ಗಟ್ಟಿಯಾಗಿ ನಕ್ಕರು. ಅವರು ನೀರಿನವರು. ಮೂವತ್ತೆರಡು ವರ್ಷ ಊರಿನ ಬೀದಿಬೀದಿಗೆ ಸೈಕಲ್ ತುಳಿದು, ರಸ್ತೆಯ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಸಲಾಕೆಯಿಂದ ವಾಲ್ವ್ ತಿರುಗಿಸಿ ಮನೆಗಳಿಗೆ ನೀರು ಬಿಟ್ಟವರು. ಈಗ ನಿವೃತ್ತಿ. ಊರಿಗೆ ನೀರು ಬಿಟ್ಟ ಮನುಷ್ಯನಿಗೆ ನಲ್ಲಿಯ ಮೇಲೆ ನಂಬಿಕೆಯೇ ಇರಲಿಲ್ಲ. ಹಿತ್ತಲಿನಲ್ಲಿ ನಾಲ್ಕು ನೀಲಿ ಡ್ರಮ್ಮು, ಎರಡು ಹಂಡೆ, ಮೂರು ಬಕೆಟ್ಟು ತುಂಬಿಸಿಟ್ಟು, ಒಂದೊಂದರ ಬಾಯಿಗೂ ಬಿಳಿ ಬಟ್ಟೆ ಬಿಗಿದು ಮೇಲೆ ಮುಚ್ಚಳ ಒತ್ತುತ್ತಿದ್ದರು.

ಮಗ ಭಾನುವಾರ ಐದು ಕಿಟಕಿಗೂ ಜಾಲರಿ ಬಡಿದ. ಬಾಗಿಲ ಸಂದಿಗೆ ರಬ್ಬರಿನ ಪಟ್ಟಿ ಹಚ್ಚಿದ. "ಇನ್ನು ಸೊಳ್ಳೆ ಒಳಗೆ ಬರಬೇಕಾದ್ರೆ ಬೆಲ್ ಒತ್ತಬೇಕು" ಎಂದು ಕೈ ಒರೆಸಿಕೊಂಡ.

ಹಗಲೆಲ್ಲ ಮನೆ ಡಾಕ್ಟ್ರಮ್ಮನದು, ಚಿನಕುರುಳಿಯದು. ಮಧ್ಯಾಹ್ನ ಅನ್ನ ಮೊಟ್ಟೆ ತಿನ್ನಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು ಮಲಗಿಸುವುದು ವಾಡಿಕೆ. ಬಿಸ್ಕತ್ತಿಲ್ಲದೆ ಅದು ಮಲಗುತ್ತಿರಲಿಲ್ಲ. ಮಲಗಿದ ಮೇಲೆ ಪುಡಿ ಹಾಸಿಗೆಗೆ ಚೆಲ್ಲುತ್ತಿತ್ತು, ಪುಡಿಗೆ ಇರುವೆ ಸಾಲು ಹಿಡಿದು ಬರುತ್ತಿತ್ತು. ಒಮ್ಮೆ ಕೆಂಪಿರುವೆ ಮಗುವಿನ ತುಟಿಗೇ ಕಚ್ಚಿತ್ತು. ಅದಕ್ಕೆ ಡಾಕ್ಟ್ರಮ್ಮ ಒಂದು ಉಪಾಯ ಮಾಡಿದ್ದರು: ಮಗುವಿನ ಪುಟ್ಟ ಕಬ್ಬಿಣದ ಮಂಚದ ನಾಲ್ಕು ಕಾಲನ್ನೂ ನಾಲ್ಕು ಹಳೇ ಸ್ಟೀಲ್ ಬಟ್ಟಲಲ್ಲಿ ಇಟ್ಟು, ನೀರು ತುಂಬಿಸಿದ್ದರು. ಇರುವೆ ನೀರು ದಾಟುವುದೆಲ್ಲಿ? ದಿನಾ ಮಧ್ಯಾಹ್ನ ಬಗ್ಗಿ ಎಷ್ಟು ಇಂಗಿದೆಯೋ ಅಷ್ಟು ಸುರಿಯುತ್ತಿದ್ದರು. ಬಟ್ಟಲು ಕಂಡರೆ ಮನೆ ಅಸಹ್ಯ ಎಂದು ಹಾಸಿಗೆಯ ಮೇಲುಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟಿದ್ದರು. ಸೊಳ್ಳೆಪರದೆಯನ್ನು ಇಳಿಬಿಡುತ್ತಿದ್ದುದು ಮಾತ್ರ ಕತ್ತಲಾದ ಮೇಲೆ. ಹಗಲು ಹೊತ್ತಲ್ಲಿ ಪರದೆ ಯಾರು ಹಾಕುತ್ತಾರೆ, ಮಗುವಿಗೆ ಗಾಳಿ ಬೇಡವೆ?

ಜಾಲರಿ ಬಡಿದು ಒಂದು ವಾರವಾಯಿತು. ಸೊಸೆ ಸ್ನಾನ ಮಾಡಿಸುವಾಗ ಮಗುವಿನ ಕಾಲಿನ ಗುಳ್ಳೆ ಎಣಿಸಿದಳು. ಹಿಂದಿನ ವಾರ ಹನ್ನೊಂದು ಇದ್ದದ್ದು ಈಗ ಹತ್ತೊಂಬತ್ತಾಗಿತ್ತು. ಎರಡರಲ್ಲಿ ಕೀವು ತುಂಬಿತ್ತು.

"ಇದೇನು, ಜಾಲರಿ ಹಾಕಿದ ಮೇಲೆ ಜಾಸ್ತಿ ಆಗಿದೆ!"

"ನನ್ನ ಕೆಲಸದಲ್ಲಿ ಒಂದು ಕೂದಲಿನಷ್ಟು ಸಂದಿ ತೋರಿಸು" ಎಂದ ಮಗ, ಟಾರ್ಚ್ ಹಿಡಿದು ಕಿಟಕಿ ಕಿಟಕಿ ಸುತ್ತಿದ. ಸಂದಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಪರದೆಯ ಮಡಿಕೆಯಲ್ಲಿ ಕೂತಿದ್ದ ಒಂದು ಸೊಳ್ಳೆ. ಸೊಸೆ ಅದನ್ನು ಅಂಗೈಯಲ್ಲಿ ಹೊಡೆದು ಕಿಟಕಿಯ ಬೆಳಕಿನಲ್ಲಿ ನೋಡಿದಳು. ಕಾಲಿಗೆ ಬಿಳಿ ಪಟ್ಟೆ ಇತ್ತು.

"ಇದು ಹಗಲು ಕಚ್ಚೋದು. ಇದಕ್ಕೆ ಚರಂಡಿ ನೀರು ಬೇಡ, ಒಳ್ಳೇ ನೀರೇ ಬೇಕು. ಮನೆ ಹತ್ರವೇ ಎಲ್ಲೋ ನೀರು ನಿಂತಿದೆ." ಗಂಡನ ಕಡೆ ತಿರುಗಿ ಹೇಳಿದಳು, "ನೋಡಿ, ಈ ತಿಂಗಳು ಮುಗಿಯೋದ್ರೊಳಗೆ ಇದಕ್ಕೊಂದು ದಾರಿ ಆಗದಿದ್ರೆ ನಾನು ಇವಳನ್ನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ. ನಾಲ್ಕನೇ ಮಹಡಿ, ಸೊಳ್ಳೆ ಇಲ್ಲ. ಲ್ಯಾಬಿಗೂ ಹತ್ತಿರ. ಮಳೆಗಾಲ ಕಳೀಲಿ, ಆಮೇಲೆ ನೋಡೋಣ."

ಡಾಕ್ಟ್ರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಈ ಮಗು ಮನೆಯಲ್ಲಿಲ್ಲದಿದ್ದರೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುವುದು? ಯಾರಿಗೆ ಅನ್ನ ಕಲಸುವುದು, ಯಾರ ಹಿಂದೆ ಓಡುವುದು? ಮಳೆಗಾಲಕ್ಕೆಂದು ಹೋದವರು ಅಲ್ಲೇ ಸ್ಕೂಲಿಗೆ ಹಾಕಿಬಿಟ್ಟರೆ? ಭಯವಾದಾಗ ಡಾಕ್ಟ್ರಮ್ಮನಿಗೆ ಸಿಟ್ಟು ಬರುವುದು ಹಳೆಯ ಅಭ್ಯಾಸ. ಸಿಟ್ಟು ಬಂದಾಗ ಹತ್ತಿರದಲ್ಲಿ ಇರುತ್ತಿದ್ದವರು ಯಾವಾಗಲೂ ಗಂಡ.

"ರೀ!" ಎಂದು ಹಿತ್ತಲಿಗೆ ನುಗ್ಗಿದರು. "ಕೇಳಿಸ್ತೇನ್ರಿ ಒಳ್ಳೇ ನೀರಂತೆ! ಯಾರ್ರೀ ಈ ಮನೇಲಿ ಒಳ್ಳೇ ನೀರು ಕೂಡಿಟ್ಟಿರೋದು? ಒಂಬತ್ತು ಪಾತ್ರೆ ತುಂಬಿಟ್ಟುಕೊಂಡು ಸೊಳ್ಳೆ ಸಾಕ್ತಿದ್ದೀರಾ?"

"ಅದಕ್ಕೆಲ್ಲ ಬಟ್ಟೆ ಕಟ್ಟಿದೆ ಕಣೇ. ಇರುವೆ ಕೂಡ ನುಸುಳಲ್ಲ."

"ನುಸುಳದೆ ಮಗು ಕಾಲು ಹೀಗಾಯ್ತಾ? ಊರವರಿಗೆ ನೀರು ಕುಡಿಸಿ ಕುಡಿಸಿ ಸಾಕಾಗ್ಲಿಲ್ಲ, ಈಗ ಸೊಳ್ಳೆಗೆ ಮೊಮ್ಮಗಳ ರಕ್ತ ಕುಡಿಸ್ತಿದ್ದೀರಿ!"

ಪಕ್ಕದ ಮನೆಯವರು ಒಗೆದ ಬಟ್ಟೆ ಹರವುವುದನ್ನು ನಿಲ್ಲಿಸಿ ನೋಡಿದರು. ಎದುರು ಮನೆಯ ಕಿಟಕಿ ತೆರೆಯಿತು. ನೀರಿನವರು ಎದ್ದರು. ಒಂದೊಂದೇ ಬಟ್ಟೆ ಬಿಚ್ಚಿದರು, ಮಡಿಸಿದರು, ಡ್ರಮ್ಮುಗಳನ್ನು ಒಂದರ ಹಿಂದೊಂದು ಉರುಳಿಸಿದರು. ಹಿತ್ತಲೆಲ್ಲ ಕೆರೆಯಾಗಿ ನೀರು ಚರಂಡಿಗೆ ಹರಿಯಿತು. ಆಮೇಲೆ ಎಲ್ಲವನ್ನೂ ಬೋರಲು ಹಾಕಿ, ಒಳಗೆ ಬಂದು ಪೇಪರು ಹಿಡಿದು ಕೂತರು. ಅಂದಿನಿಂದ ಅವರ ಬಾಯಿಗೆ ಬೀಗ ಬಿತ್ತು.

ಮೂರನೇ ದಿನಕ್ಕೆ ಎಲ್ಲೋ ಪೈಪು ಒಡೆದು ಬೀದಿಗೆಲ್ಲ ನೀರು ಬರುವುದೇ ನಿಂತಿತು. ಎರಡು ದಿನ ನಲ್ಲಿ ಬರೀ ಗಾಳಿ ಉಗುಳಿತು. ಮಗ ಮುಖ ತೊಳೆಯಲು ಅಂಗಡಿಯಿಂದ ಬಾಟಲಿ ತಂದ. ಪಾತ್ರೆ ತೊಳೆಯದೆ ಸಿಂಕಿನಲ್ಲಿ ರಾಶಿ ಬಿತ್ತು, ಬ್ರೆಡ್ಡನ್ನು ಪೇಪರಿನ ಮೇಲಿಟ್ಟು ತಿಂದರು. ಮಂಚದ ಕೆಳಗಿನ ಬಟ್ಟಲಿಗೆ ಮಾತ್ರ ಡಾಕ್ಟ್ರಮ್ಮ ಕುಡಿಯುವ ನೀರಿನಲ್ಲೇ ಉಳಿಸಿ ಸುರಿದರು. ನೀರಿನವರು ಒಂದು ಮಾತೂ ಆಡಲಿಲ್ಲ. "ನೋಡಿದೆಯಾ?" ಎಂದು ಒಂದೇ ಒಂದು ಸಲ ಅಂದಿದ್ದರೆ ಡಾಕ್ಟ್ರಮ್ಮನಿಗೆ ಜಗಳಕ್ಕೊಂದು ದಾರಿಯಾದರೂ ಸಿಗುತ್ತಿತ್ತು. ಅದೂ ಇಲ್ಲ. ಅವರ ಆ ಮೌನ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಹೊತ್ತು ಹೊತ್ತಿಗೂ ಸಿಗುತ್ತಿತ್ತು.

ಆ ಡ್ರಮ್ಮುಗಳು ಬೋರಲು ಬಿದ್ದು ಎಂಟು ದಿನವಾದರೂ ಸೊಳ್ಳೆ ಕಡಿಮೆಯಾಗಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಚಿನಕುರುಳಿ ಏಳಲಿಲ್ಲ. ಮೈ ಕಾದ ಹೆಂಚಿನ ಹಾಗಿತ್ತು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಡಾಕ್ಟ್ರಮ್ಮ ಯಾವ ಮದ್ದಿನ ಹೆಸರನ್ನೂ ಎತ್ತದೆ, ಬಟ್ಟಲಲ್ಲಿ ಗಂಜಿ, ಒಂದು ಟವೆಲ್ಲು ಹಿಡಿದು ಹಿಂದೆಯೇ ಆಟೋ ಹತ್ತಿದರು.

ಲ್ಯಾಬಿನಲ್ಲಿ ಸೊಸೆ ಮಗಳ ತೋಳಿಗೆ ಪಟ್ಟಿ ಕಟ್ಟಿದಳು, ಸೂಜಿ ಎತ್ತಿದಳು, ಇಳಿಸಿದಳು. ದಿನಕ್ಕೆ ಅರವತ್ತು ಜನರಿಗೆ ಚುಚ್ಚುವವಳಿಗೆ ಇದೊಂದು ತೋಳಿಗೆ ಚುಚ್ಚಲಾಗಲಿಲ್ಲ. "ನೀನೇ ತೆಗಿಯೇ" ಎಂದು ಜೊತೆಯವಳಿಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತಳು. ಡಾಕ್ಟ್ರಮ್ಮ ಮೊದಲ ಸಲ ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. ಸೊಸೆ ಆ ಕೈಯನ್ನು ಸರಿಸಲಿಲ್ಲ.

ಎರಡು ಗಂಟೆ ಬೆಂಚಿನ ಮೇಲೆ ಕೂತರು. ಆ ಎರಡು ಗಂಟೆಯಲ್ಲಿ ಡಾಕ್ಟ್ರಮ್ಮ ತಮಗೆ ಗೊತ್ತಿದ್ದ ದೇವರಿಗೂ ಗೊತ್ತಿಲ್ಲದ ದೇವರಿಗೂ ಕೈ ಮುಗಿದರು. ಕೊನೆಗೆ ಒಳಗಿನಿಂದ ಡಾಕ್ಟರು ಕಾಗದ ಹಿಡಿದು ಬಂದರು.

"ಡೆಂಗಿ ಅಲ್ಲ. ರಕ್ತ ಚೆನ್ನಾಗಿದೆ. ಗಂಟಲು ಕೆಂಪಾಗಿದೆ, ಅದರ ಜ್ವರ. ಮೂರು ದಿನದಲ್ಲಿ ಕುಣೀತಾಳೆ. ಆದರೆ ಈ ಕಾಲು ನೋಡಿ ಹೇಳ್ತೀನಿ, ಇಷ್ಟು ಕಚ್ಚಿಸ್ಕೊಂಡೂ ಡೆಂಗಿ ಬಂದಿಲ್ಲ ಅಂದ್ರೆ ಅದೃಷ್ಟ. ದಿನಾ ಅದೃಷ್ಟ ನಂಬ್ಕೊಂಡು ಕೂರಬೇಡಿ."

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಅತ್ತರು, ಒಟ್ಟಿಗೇ ಮೂಗು ಒರೆಸಿಕೊಂಡರು. ಕೈಯಲ್ಲಿದ್ದ ಗಂಜಿ ಅಲ್ಲಿಯವರೆಗೆ ಮರೆತೇ ಹೋಗಿತ್ತು. ಆಟೋದಲ್ಲಿ ಅದನ್ನು ಇಬ್ಬರೂ ಸೇರಿ ತಿಂದರು.

ಆದರೂ ಸೊಸೆ ಡಾಕ್ಟರ ಮಾತನ್ನು ಬಿಡಲಿಲ್ಲ. "ಶನಿವಾರ ಹೊರಡ್ತೀನಿ ಅತ್ತೆ. ಸಿಟ್ಟು ಮಾಡ್ಕೋಬೇಡಿ. ಮಂಚಾನೂ ತಗೊಂಡು ಹೋಗ್ತೀನಿ, ಅದಿಲ್ಲದೆ ಇವಳು ಮಲಗಲ್ಲ."

ಶುಕ್ರವಾರ ಮಧ್ಯಾಹ್ನ ಮನೆಯ ಮೂಲೆಯಲ್ಲಿ ಎರಡು ಚೀಲ ತುಂಬಿ ನಿಂತಿದ್ದವು. ಸೊಸೆ ರಜೆ ಹಾಕಿ ಬಟ್ಟೆ ಮಡಿಸುತ್ತಿದ್ದಳು. ಮಂಚದ ಜೊತೆ ಬಟ್ಟಲುಗಳನ್ನೂ ತೊಳೆದು ಕೊಟ್ಟುಬಿಡೋಣ, ಅಲ್ಲೂ ಇರುವೆ ಇರುತ್ತದೆ ಎಂದುಕೊಂಡು ಡಾಕ್ಟ್ರಮ್ಮ ಹೊದಿಕೆ ಎತ್ತಿ ಮಂಚದ ಕಾಲನ್ನು ಒಂದೊಂದಾಗಿ ಸರಿಸಿದರು. ಮೊದಲನೇ ಬಟ್ಟಲು ಹಿಡಿದು ಹಿತ್ತಲಿಗೆ ಬಂದರು. ತಿಂಗಳುಗಟ್ಟಲೆ ಆ ಬಟ್ಟಲನ್ನು ಮಂಚದಡಿಯ ಕತ್ತಲಲ್ಲಿ, ಕನ್ನಡಕವಿಲ್ಲದೆ, ಮೇಲಿನಿಂದ ನೀರು ಸುರಿಯುವಾಗಷ್ಟೇ ನೋಡಿದ್ದವರು ಈಗ ಬಿಸಿಲಲ್ಲಿ ನೋಡಿದರು. ನೀರು ಚಲಿಸುತ್ತಿತ್ತು. ಕೊಂಕು ಕೊಂಕಾಗಿ, ಬಾಲ ಮೇಲೆ ಮಾಡಿ, ಕುಣಿಯುತ್ತಿದ್ದ ಸಣ್ಣ ಹುಳುಗಳು. ಐವತ್ತೋ ನೂರೋ. ಬಟ್ಟಲು ಅಲುಗಿದ್ದೇ ತಡ ಎಲ್ಲವೂ ತಳಕ್ಕೆ ಓಡಿದವು.

ಡಾಕ್ಟ್ರಮ್ಮ ಅಲ್ಲೇ ಬೋರಲು ಬಿದ್ದಿದ್ದ ಡ್ರಮ್ಮಿನ ಮೇಲೆ ಕೂತುಬಿಟ್ಟರು. ಸೊಳ್ಳೆ ಕಿಟಕಿಯಿಂದ ಬರುತ್ತಲೇ ಇರಲಿಲ್ಲ. ಮಗುವಿನ ಹಾಸಿಗೆಯ ಒಂದು ಗೇಣು ಕೆಳಗೆ ಹುಟ್ಟಿ, ಮಗುವನ್ನೇ ಕಚ್ಚಿ, ಅಲ್ಲೇ ಮೊಟ್ಟೆಯಿಡುತ್ತಿದ್ದವು. ಮಗ ಜಾಲರಿ ಬಡಿದು ಅವು ಹೊರಗೆ ಹೋಗುವ ದಾರಿಯನ್ನೂ ಮುಚ್ಚಿದ್ದ. ದಿನಾ ಮಧ್ಯಾಹ್ನ ಬಗ್ಗಿ ಅವಕ್ಕೆ ನೀರು ಹಾಕಿದ್ದು ಯಾರು? ತಾವು. ಕುಡಿಯುವ ನೀರಿನಲ್ಲಿ ಉಳಿಸಿ ಹಾಕಿದ್ದರು.

ಚರಂಡಿ ಎರಡು ಹೆಜ್ಜೆ ದೂರದಲ್ಲಿತ್ತು. ನಾಲ್ಕು ಬಟ್ಟಲನ್ನೂ ಸುರಿದು ತೊಳೆದಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಮಗು ಹೇಗೂ ನಾಳೆ ಹೋಗುತ್ತದೆ. ಹೇಳಿದರೆ ಸೊಸೆ ಇನ್ನೆಂದಾದರೂ ಮಗುವನ್ನು ತಮ್ಮ ಕೈಗೆ ಬಿಟ್ಟಾಳೆಯೇ? ಬೀದಿಯವರು ಬಿದ್ದು ಬಿದ್ದು ನಗುತ್ತಾರೆ. ಡಾಕ್ಟ್ರಮ್ಮ ಬಟ್ಟಲನ್ನು ವಾಲಿಸಿಯೂ ವಾಲಿಸಿದರು. ಅಷ್ಟರಲ್ಲಿ ಕೂತಿದ್ದ ಡ್ರಮ್ಮು ಟೊಳ್ಳಾಗಿ ಸದ್ದು ಮಾಡಿತು. ಈ ಬಟ್ಟಲು ಸುರಿದುಬಿಟ್ಟರೆ ತಪ್ಪು ಯಾವತ್ತಿಗೂ ಈ ಡ್ರಮ್ಮಿನದೇ ಆಗಿ ಉಳಿಯುತ್ತದೆ ಎಂದು ಆಗ ಹೊಳೆಯಿತು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಮಗ ಬಂದ ಮೇಲೆ, ನಾಲ್ವರೂ ಚಹಾಕ್ಕೆ ಕೂತಾಗ, ಡಾಕ್ಟ್ರಮ್ಮ ಬಟ್ಟಲನ್ನು ತಂದು ಬ್ರೆಡ್ಡಿನ ಪಕ್ಕದಲ್ಲಿ ಇಟ್ಟರು.

"ಇದೇನಮ್ಮ?" ಎಂದ ಮಗ.

"ನೋಡ್ಕೋ. ಮಗು ಮಂಚದ ಕಾಲಿನ ಕೆಳಗಿಂದ ತಂದಿದ್ದು. ಇನ್ನೂ ಮೂರಿವೆ. ಇಟ್ಟಿದ್ದು ನಾನೇ, ನೀರು ಹಾಕಿದ್ದೂ ನಾನೇ."

ಸೊಸೆ ಬಟ್ಟಲನ್ನು ಬೆಳಕಿಗೆ ಹಿಡಿದಳು. "ಲಾರ್ವಾ, ಸೊಳ್ಳೆ ಮರಿಗಳು" ಎಂದಳು. ಬಹಳ ಹೊತ್ತು ಆ ಕಡೆಯೇ ನೋಡಿದಳು.

"ಈಗ ಧಾರಾಳವಾಗಿ ಕರ್ಕೊಂಡು ಹೋಗಮ್ಮ" ಎಂದರು ಡಾಕ್ಟ್ರಮ್ಮ. "ಇರುವೆ ಕಚ್ಚಬಾರದು ಅಂತ ಸೊಳ್ಳೆ ಸಾಕಿದೋಳ ಹತ್ರ ಯಾರು ಮಗು ಬಿಡ್ತಾರೆ?"

"ಅತ್ತೆ, ಭಾನುವಾರ ಭಾನುವಾರ ಆ ರೂಮು ಒರೆಸೋದು ಯಾರು?"

"ನೀನು."

"ಬಟ್ಟಲು ತಾಗದ ಹಾಗೆ ಸುತ್ತ ಒರೆಸಿದ್ದೀನಿ. ಒಂದು ದಿನ ಬಗ್ಗಿ ನೋಡ್ಲಿಲ್ಲ. ದಿನಾ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡೋಳು ನಾನು." ಸೊಸೆ ಬಟ್ಟಲನ್ನು ಕೆಳಗಿಟ್ಟಳು. ಇದ್ದಕ್ಕಿದ್ದಂತೆ ಅವಳಿಗೆ ನಗು ಬಂತು, ತಡೆಯಲಾಗದೆ ಬಂತು. "ನಾನು ಹೊರಟಿದ್ದು ಸೊಳ್ಳೆ ಕಾಟಕ್ಕೆ ಅತ್ತೆ, ನಿಮ್ಮ ಕಾಟಕ್ಕಲ್ಲ. ಅದರ ಮನೆ ಸಿಕ್ತಲ್ಲ, ಇನ್ನೆಲ್ಲಿಗೆ ಹೋಗ್ಲಿ? ರೀ, ಆ ಚೀಲ ಒಳಗಿಡಿ."

ಮಗ ಚೀಲ ಎತ್ತುತ್ತ, "ಅಪ್ಪ, ಕೇಳಿದ್ಯಾ? ನಿನ್ನ ಡ್ರಮ್ಮು ನಿರಪರಾಧಿ" ಎಂದ. ನೀರಿನವರು ಬಟ್ಟಲನ್ನು ಒಮ್ಮೆ ನೋಡಿದರು, ಚಹಾ ಮುಗಿಸಿದರು, ಎದ್ದು ಹೊರಗೆ ಹೋದರು.

ಮುಂದಿನ ದಿನಗಳಲ್ಲಿ ಮನೆಯ ರೂಢಿ ಬದಲಾಯಿತು. ಬಟ್ಟಲುಗಳನ್ನು ಬಿಸಿನೀರಲ್ಲಿ ಉಜ್ಜಿ ಒಣಗಿಸಿದರು. ಬಿಸ್ಕತ್ತು ಇನ್ನು ಊಟದ ಮೇಜಿನ ಬಳಿಯೇ, ಹಾಸಿಗೆಯಲ್ಲಿಲ್ಲ ಎಂದು ಡಾಕ್ಟ್ರಮ್ಮ ಕಾನೂನು ಮಾಡಿದರು. ಅದಕ್ಕೆ ಚಿನಕುರುಳಿ ಎರಡು ಮಧ್ಯಾಹ್ನ ಮನೆ ಎತ್ತಿಹಾಕುವಂತೆ ಅತ್ತಿತು, ಮೂರನೇ ಮಧ್ಯಾಹ್ನ ಮರೆಯಿತು. ಹಗಲಲ್ಲೂ ಪರದೆ ಇಳಿಯಿತು. ಮಗುವಿಗೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪೈಜಾಮ ಬಂದವು. ಮನೆಯೊಳಗೆ ಉಳಿದಿದ್ದ ಸೊಳ್ಳೆಗಳನ್ನು ಮಗ ಬ್ಯಾಟು ಹಿಡಿದು ಒಂದೊಂದಾಗಿ ಮುಗಿಸಿದ. ತುರಿಕೆಗೆ ತಣ್ಣನೆಯ ಬಟ್ಟೆ, ಗುಲಾಬಿ ಲೋಶನ್ನು. ಅದನ್ನು ಹಚ್ಚುವ ಕೆಲಸ ಸೊಸೆ ಅತ್ತೆಗೇ ಬಿಟ್ಟಳು. ಹನ್ನೆರಡನೇ ದಿನ ಡಾಕ್ಟ್ರಮ್ಮ ಹುಡುಕಿ ಹುಡುಕಿ ನೋಡಿದರೂ ಮಗುವಿನ ಕಾಲಲ್ಲಿ ಹೊಸ ಗುಳ್ಳೆ ಒಂದೂ ಸಿಗಲಿಲ್ಲ. ಅವರಿಗೆ ಎಷ್ಟು ಹಗುರವಾಯಿತೆಂದರೆ ಲೋಶನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಮಗುವನ್ನು ಎತ್ತಿಕೊಂಡು ಬೀದಿ ತುದಿಯವರೆಗೆ ಹೋಗಿ ಬಂದರು. ಹೋಗುತ್ತ ಪ್ರತಿ ಮನೆಯಲ್ಲೂ ನಿಂತು, "ಮಂಚದ ಕೆಳಗೆ ನೋಡ್ಕೊಳ್ಳಿ" ಎಂದು ತಮ್ಮ ಕಥೆಯನ್ನು ತಾವೇ ಹೇಳಿದರು. ಜನ ನಕ್ಕರು. ನಗಲಿ ಬಿಡಿ ಎಂದುಕೊಂಡರು.

ಉಳಿದದ್ದು ಒಂದೇ. ಡ್ರಮ್ಮುಗಳು ಇನ್ನೂ ಬೋರಲು ಬಿದ್ದಿದ್ದವು. ನೀರಿನವರು ಊಟಕ್ಕೆ ಬರುತ್ತಿದ್ದರು, ಮಗುವನ್ನು ಆಡಿಸುತ್ತಿದ್ದರು, ಕೇಳಿದ್ದಕ್ಕೆ ಹೂಂ ಉಹೂಂ ಎನ್ನುತ್ತಿದ್ದರು. ಮಾತು ಬಿಟ್ಟ ಗಂಡನಿಗೆ ಬೀದಿಗೆಲ್ಲ ಮದ್ದು ಹೇಳುತ್ತಿದ್ದ ಡಾಕ್ಟ್ರಮ್ಮನಿಗೆ ಸ್ವಂತಕ್ಕೆ ಬೇಕಾದಾಗ ಒಂದೂ ನೆನಪಾಗಲಿಲ್ಲ.

ಬೀದಿ ಸುತ್ತಿ ಬಂದ ಮರುದಿನ ಬೆಳಿಗ್ಗೆ ಆರೂವರೆಗೆ ಹಿತ್ತಲ ನಲ್ಲಿ ಗೊರಗೊರ ಎಂದು ನೀರು ಬಿಟ್ಟಿತು. ನೀರಿನವರು ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದರು, ಏಳಲಿಲ್ಲ. ಪಕ್ಕದ ಮನೆಯವರು ಬಟ್ಟೆ ಹರವುತ್ತಿದ್ದರು. ಡಾಕ್ಟ್ರಮ್ಮ ಬೇಕೆಂದೇ ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ರೀ, ಅವತ್ತು ಇಲ್ಲೇ ನಿಂತ್ಕೊಂಡು ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದೆ. ನಿಮ್ಮ ನೀರಲ್ಲಿ ಏನೂ ಇರ್ಲಿಲ್ಲ. ನಂದು ತಪ್ಪಾಯ್ತು."

ನೀರಿನವರು ಹೆಂಡತಿಯನ್ನು ನೋಡಿದರು.

"ಮೂವತ್ತೆರಡು ವರ್ಷ ಕಣೇ" ಎಂದರು. "ನೀರು ಬರ್ಲಿಲ್ಲ ಅಂತ ಬೈದಿದ್ದಾರೆ, ತಡ ಆಯ್ತು ಅಂತ ಬೈದಿದ್ದಾರೆ, ಕೆಂಪಗಿದೆ ಅಂತ ಬೈದಿದ್ದಾರೆ. ಎಷ್ಟೋ ಸಲ ತಪ್ಪು ನಂದಾಗಿರ್ಲಿಲ್ಲ, ಆಮೇಲೆ ಅವರಿಗೂ ಗೊತ್ತಾಗ್ತಿತ್ತು. ಒಬ್ಬರೂ ವಾಪಸ್ ಬಂದು ತಪ್ಪಾಯ್ತು ಅಂದಿರ್ಲಿಲ್ಲ. ಇಡೀ ಊರಲ್ಲಿ ನೀನೇ ಮೊದಲು."

ಎಂದವರೇ ಪಂಚೆ ಮೇಲೆ ಕಟ್ಟಿ, ಪೈಪು ಹುಡುಕಲು ಎದ್ದರು.